ಸಗಣಿ ಟ್ಯಾಂಕರಿಗೆ ಚಿಮಣಿ ಬಂದದ್ದು

ಸೆಕೆಂಡ್ ಹ್ಯಾಂಡ್ ಆಟಿಕೆಗಳ ಬುಟ್ಟಿಯಲ್ಲಿ ಸಗಣಿ ನೀರಿನ ಟ್ಯಾಂಕರ್ ಕಂಡರೆ ಬಿಡಬೇಡಿ. ಇಂಗ್ಲೆಂಡಿನ ಹಳ್ಳಿ ಕಡೆ ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಹೋಗುತ್ತಾರಲ್ಲ, ಕೊಟ್ಟಿಗೆಯ ಗೊಬ್ಬರದ ನೀರನ್ನು ಹೊಲಕ್ಕೆ ಚಿಮ್ಮಿಸುವ ಉದ್ದನೆಯ ದುಂಡು ಟ್ಯಾಂಕು, ಅದರ ಆಟಿಕೆ. ಮಕ್ಕಳಿಗೆ ಅದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ ಅಂತ ಕಾಣುತ್ತದೆ. ಟ್ರ್ಯಾಕ್ಟರುಗಳೆಲ್ಲ ಖರ್ಚಾದ ಮೇಲೂ ಅದು ಬುಟ್ಟಿಯ ತಳದಲ್ಲಿ ಬಿದ್ದಿರುತ್ತದೆ. ನನ್ನ ಕಣ್ಣಿಗೆ ಮಾತ್ರ ಅದು ಬಾಯ್ಲರ್.

ಹಿನ್ನೆಲೆ ಹೇಳಿಬಿಡುತ್ತೇನೆ. ನಾನಿರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಈ ಊರಿನ ಸುತ್ತಮುತ್ತ ಮಿನಿಯೇಚರ್ ಸೈನಿಕರನ್ನು ಮಾಡುವ ಕಂಪನಿಗಳು ಎಷ್ಟಿವೆಯೆಂದರೆ, ಹವ್ಯಾಸಿಗಳು ಈ ಪ್ರದೇಶಕ್ಕೇ ‘ಲೆಡ್ ಬೆಲ್ಟ್’, ಅಂದರೆ ಸೀಸದ ಸೀಮೆ, ಅಂತ ಹೆಸರಿಟ್ಟಿದ್ದಾರೆ. ಇಂಥ ಕಂಪನಿಗಳಲ್ಲಿ ದೊಡ್ಡದಾದ ಗೇಮ್ಸ್ ವರ್ಕ್‌ಶಾಪ್‌ನ ಕೇಂದ್ರ ಕಚೇರಿ ಇರುವುದೂ ಇಲ್ಲೇ. ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಮನೆ ಜೋಡಿಸಿ, ಬಣ್ಣ ಹಚ್ಚಿದ ಪುಟ್ಟ ಸೈನಿಕರನ್ನು ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ನಡೆಸಿ, ಗುಂಡು ತಗುಲಿತೋ ಇಲ್ಲವೋ ಅಂತ ದಾಳ ಹಾಕಿ ನೋಡುವ ಆಟ. ಅದರಲ್ಲಿ ನನಗೆ ಹುಚ್ಚು ಹತ್ತಿರುವುದು ವಿಕ್ಟೋರಿಯನ್ ಸೈನ್ಸ್ ಫಿಕ್ಷನ್, ಚಿಕ್ಕದಾಗಿ ವಿಎಸ್‌ಎಫ್. ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ಆದರೆ ಆಗಿದ್ದ ಉಗಿಯಂತ್ರಗಳು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಊಹಿಸಿಕೊಂಡು ಆಡುವುದು. ನೆಲದ ಮೇಲೆ ಓಡುವ ಯುದ್ಧನೌಕೆ, ಹಾರುವ ಹಡಗು, ಬೇಕಿದ್ದರೆ ಮಂಗಳ ಗ್ರಹ.

ಇಂಗ್ಲಿಷ್ ಕಥೆಗಾರ ಎಚ್. ಜಿ. ವೆಲ್ಸ್ ಈ ಹವ್ಯಾಸದ ಹಿರಿಯಜ್ಜ ಅಂತಲೇ ಹೇಳಬಹುದು. 1903ರಲ್ಲಿ ಒಂದು ಕಥೆಯಲ್ಲಿ ನೆಲದ ಮೇಲೆ ತೆವಳುವ ಉಕ್ಕಿನ ಯುದ್ಧನೌಕೆಗಳನ್ನು ತಂದವರೂ ಅವರೇ, 1913ರಲ್ಲಿ ಆಟಿಕೆ ಸೈನಿಕರ ಕಾಳಗಕ್ಕೆ ನಿಯಮಗಳ ಪುಸ್ತಕ ಬರೆದವರೂ ಅವರೇ. ಅವರ ಕಥೆಯ ಯಂತ್ರ ನೂರು ಅಡಿಯ ಹತ್ತಿರ ಇದೆ. ನಮ್ಮ ಅಳತೆಗೆ ಇಳಿಸಿದರೂ ಅರ್ಧ ಮೀಟರಿಗೆ ಮೇಲಾಗುತ್ತದೆ. ಮೇಜು ಪೂರ್ತಿ ಅದೇ ಆಗಿಬಿಡುತ್ತದೆ, ಸೈನಿಕರನ್ನು ಎಲ್ಲಿ ನಿಲ್ಲಿಸುವುದು? ನನ್ನದು ಅದರ ಅರ್ಧವೂ ಇಲ್ಲ.

ಅಳತೆಯ ವಿಷಯ ಮೊದಲೇ ಹೇಳಬೇಕು, ಯಾಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ನಮ್ಮ ಸೈನಿಕರು 28 ಮಿಲಿಮೀಟರಿನವರು, ಸುಮಾರು 1:56 ಅಂತ ಹಿಡಿಯಬಹುದು, ಅಂದರೆ ನಿಜದ್ದು ಇದರ 56 ಪಟ್ಟು. ಇಲ್ಲಿನ ರೈತಾಪಿ ಆಟಿಕೆಗಳು ಹೆಚ್ಚಾಗಿ 1:32. ಅಂದರೆ ಆಟಿಕೆಯನ್ನು ಇದ್ದ ಹಾಗೇ ನಮ್ಮ ಸೈನಿಕನ ಪಕ್ಕ ಇಟ್ಟರೆ ಅದರ ಎಲ್ಲ ಅಂಗಗಳೂ ಮುಕ್ಕಾಲು ಪಾಲು ಜಾಸ್ತಿ ದೊಡ್ಡದಾಗಿ ಕಾಣುತ್ತವೆ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಐದು ಸೆಂಟಿಮೀಟರ್ ಮೇಲಿರುತ್ತದೆ; ನಮ್ಮ ಲೆಕ್ಕದಲ್ಲಿ ಅದು ಮೂರು ಮೀಟರ್ ಎತ್ತರದ ಗಾಲಿ. ಟ್ರ್ಯಾಕ್ಟರಿಗೆ ಅದು ತಮಾಷೆ, ಯುದ್ಧಯಂತ್ರಕ್ಕೆ ಹೇಳಿ ಮಾಡಿಸಿದ್ದು. ನನಗೆ ಸಿಕ್ಕ ಟ್ಯಾಂಕು ಹದಿನೈದು ಸೆಂಟಿಮೀಟರ್ ಉದ್ದ. 56ರಿಂದ ಗುಣಿಸಿದರೆ ಎಂಟು ಮೀಟರ್ ಚಿಲ್ಲರೆ. ಈ ಸಂಖ್ಯೆ ನೋಡಿ ನನಗೆ ತಕ್ಷಣ ನೆನಪಾದದ್ದು ಪ್ಯಾಪಲ್‌ವಿಕ್‌ನ ಬಾಯ್ಲರ್‌ಗಳು.

ಪ್ಯಾಪಲ್‌ವಿಕ್ ನಮ್ಮೂರಿನ ಉತ್ತರಕ್ಕಿರುವ ಹಳೇ ಪಂಪಿಂಗ್ ಸ್ಟೇಷನ್. 1880ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ಗೆ ಕುಡಿಯುವ ನೀರು ಎತ್ತಲು ಕಟ್ಟಿದ್ದು. ಒಳಗೆ ಜೇಮ್ಸ್ ವಾಟ್ ಕಂಪನಿಯ ಎರಡು ಬೀಮ್ ಎಂಜಿನ್‌ಗಳಿವೆ, ಬಾಯ್ಲರ್ ಮನೆಯಲ್ಲಿ ಆರು ಲ್ಯಾಂಕಾಶೈರ್ ಬಾಯ್ಲರ್‌ಗಳು ಸಾಲಾಗಿ ಕೂತಿವೆ. ಈಗ ಅದು ಮ್ಯೂಸಿಯಂ. ವರ್ಷದಲ್ಲಿ ಕೆಲವು ದಿನ ಬೆಂಕಿ ಹಾಕಿ ಎಂಜಿನ್ ಓಡಿಸುತ್ತಾರೆ. ನಾನು ಹೋಗುವುದು ಎಂಜಿನ್ ನೋಡುವುದಕ್ಕಿಂತ ಹೆಚ್ಚಾಗಿ ರಿವೆಟ್, ಅಂದರೆ ಲೋಹದ ಹಲಗೆಗಳನ್ನು ಜೋಡಿಸುವ ಗುಂಡು ತಲೆಯ ಮೊಳೆ, ನೋಡುವುದಕ್ಕೆ. ಬೇರೆಯವರು ಕಂಬದ ಕೆತ್ತನೆಯ ಫೋಟೋ ತೆಗೆಯುತ್ತಿದ್ದರೆ ನಾನು ಬಾಯ್ಲರ್ ಮುಂದೆ ಮಂಡಿಯೂರಿ ಕೂತಿರುತ್ತೇನೆ. ಲ್ಯಾಂಕಾಶೈರ್ ಬಾಯ್ಲರನ್ನು 1844ರಲ್ಲಿ ವಿಲಿಯಂ ಫೇರ್‌ಬೇರ್ನ್ ಮತ್ತು ಜಾನ್ ಹೆದರಿಂಗ್ಟನ್ ಪೇಟೆಂಟ್ ಮಾಡಿಸಿದರು. ದೊಡ್ಡ ಉರುಳೆಯೊಳಗೆ ಉದ್ದಕ್ಕೂ ಎರಡು ಕೊಳವೆ, ಒಂದೊಂದರಲ್ಲೂ ಬೆಂಕಿ. ಹಾಗಾಗಿ ಮುಂಭಾಗದಲ್ಲಿ ಅಕ್ಕಪಕ್ಕ ಎರಡು ಒಲೆ ಬಾಗಿಲು ಇರುತ್ತವೆ. ಆ ಜೋಡಿ ಬಾಗಿಲಿನ ಮುಖ ಒಮ್ಮೆ ನೋಡಿದರೆ ಮರೆಯೋದಿಲ್ಲ. ನನ್ನ ಟ್ಯಾಂಕರಿಗೆ ಅದೇ ಮುಖ ಬೇಕು ಅಂತ ಅಲ್ಲೇ ತೀರ್ಮಾನವಾಯಿತು.

ನಿಜ ಹೇಳಬೇಕೆಂದರೆ ಲ್ಯಾಂಕಾಶೈರ್ ಬಾಯ್ಲರನ್ನು ಗಾಲಿ ಮೇಲೆ ಹೊತ್ತುಕೊಂಡು ಯಾರೂ ತಿರುಗುವುದಿಲ್ಲ. ಅದನ್ನು ಇಟ್ಟಿಗೆ ಕಟ್ಟೆಯೊಳಗೆ ಕೂರಿಸಬೇಕು, ಬಿಸಿ ಹೊಗೆ ಇಟ್ಟಿಗೆಯ ದಾರಿಯಲ್ಲಿ ಸುತ್ತಿ ಬರಬೇಕು. ಈ ಆಟದಲ್ಲಿ ಅಷ್ಟು ಸುಳ್ಳು ನಡೆಯುತ್ತದೆ. ಆದರೆ ಬಾಯ್ಲರ್ ಎಲ್ಲಿದೆ, ಕಲ್ಲಿದ್ದಲು ಎಲ್ಲಿಂದ ಬರುತ್ತದೆ, ಅದನ್ನು ಹಾಕುವವನು ಎಲ್ಲಿ ನಿಲ್ಲುತ್ತಾನೆ ಅನ್ನುವುದಕ್ಕೆ ಉತ್ತರ ಇಲ್ಲದೆ ನಡೆಯುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಒಬ್ಬ ಹಿರಿಯರಿದ್ದಾರೆ, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಯಾರು ಯಾವ ಯಂತ್ರ ತಂದರೂ ಕೈಯಲ್ಲಿ ಎತ್ತಿ ತಿರುಗಿಸಿ ಕೇಳುವುದು ಒಂದೇ ಪ್ರಶ್ನೆ: ಸರಿ, ಇದಕ್ಕೆ ನೀರು ಎಲ್ಲಿ ತುಂಬಿಸ್ತೀರಿ? ಸುಮ್ಮನೆ ಗಡಿಯಾರದ ಹಲ್ಲಿನ ಚಕ್ರಗಳನ್ನು ಎಲ್ಲೆಂದರಲ್ಲಿ ಅಂಟಿಸಿ ತಂದವರ ಮುಖ ಆಗ ನೋಡಬೇಕು. ಯಾವುದಕ್ಕೂ ತಾಗದ, ಏನನ್ನೂ ತಿರುಗಿಸದ ಹಿತ್ತಾಳೆ ಚಕ್ರ ಕಂಡರೆ ನನಗೂ ಈಗ ಮೈ ಉರಿಯುತ್ತದೆ.

ಕೆಲಸ ಶುರುವಾಗುವುದು ಪಾತ್ರೆ ತೊಳೆಯುವ ಸಿಂಕಿನಲ್ಲಿ. ಬೆಚ್ಚಗಿನ ನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಷ್. ಅಚ್ಚಿನಿಂದ ಬಿಡಿಸುವಾಗ ಹಾಕಿದ ಎಣ್ಣೆಯ ಪಸೆ, ಮಕ್ಕಳ ಕೈ ಜಿಡ್ಡು ಎರಡೂ ಹೋಗಬೇಕು, ಇಲ್ಲವಾದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಯಾವುದು ಅಂತ ಪತ್ತೆ ಮಾಡಬೇಕು. ಕಾಣದ ಕಡೆಯಿಂದ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ತೇಲಿದರೆ ಪಾಲಿಥೀನೋ ಪಾಲಿಪ್ರೊಪಿಲೀನೋ ಇರುತ್ತದೆ. ಮುಟ್ಟಿದರೆ ಮೇಣದ ಹಾಗೆ ಜಾರುವ ಈ ಜಾತಿಗೆ ಯಾವ ಅಂಟೂ ಸರಿಯಾಗಿ ಕೂರುವುದಿಲ್ಲ. ಅದನ್ನು ಬಳಸಲೇಬೇಕಾದರೆ ತೂತು ಕೊರೆದು ತಂತಿಯಿಂದಲೋ ಸ್ಕ್ರೂನಿಂದಲೋ ಕಟ್ಟಬೇಕು. ಮುಳುಗಿದರೆ ಎಬಿಎಸ್, ಸ್ಟೈರೀನ್ ಅಥವಾ ಪಿವಿಸಿ, ಆಗ ನಿಶ್ಚಿಂತೆ. ನನ್ನ ಟ್ಯಾಂಕು ಮುಳುಗಿತು.

ಟ್ಯಾಂಕರಿನ ಕೆಳಗಿನ ಸ್ಕ್ರೂಗಳನ್ನು ಬಿಚ್ಚಿದರೆ ಟ್ಯಾಂಕು ಬೇರೆ, ಚಾಸಿ ಬೇರೆ. ಜೊತೆಗೆ ಕೊಂಡ ಮುರುಕಲು ಟ್ರ್ಯಾಕ್ಟರಿನದು ಲೋಹದ ಬಾನೆಟ್, ರಿವೆಟ್ ಬಡಿದು ಕೂರಿಸಿದ್ದು. ರಿವೆಟ್ಟಿನ ತಲೆಯನ್ನು ಡ್ರಿಲ್ ಮಾಡಿ ಹಾರಿಸಿದರೆ ಕಳಚಿಕೊಳ್ಳುತ್ತದೆ. ಬೇಕಾಗಿದ್ದದ್ದು ಗಾಲಿ ಮತ್ತು ಅಚ್ಚು ಮಾತ್ರ. ಮೊದಲು ಕಳೆಯುವುದು, ಆಮೇಲೆ ಕೂಡಿಸುವುದು, ನನ್ನ ಕ್ರಮ ಇದು. ನಮ್ಮ ಕಾಲದ್ದು ಅಂತ ಕೂಗಿ ಹೇಳುವುದೆಲ್ಲ ಮೊದಲು ಹೋಗಬೇಕು. ಹೆಡ್‌ಲೈಟು, ಕನ್ನಡಿ, ಕಂಪನಿ ಹೆಸರಿನ ಉಬ್ಬು ಅಕ್ಷರ, ಪೈಪ್ ಸಿಕ್ಕಿಸುವ ಬಾಯಿ. ಅರ್ಧ ಜಾದೂ ಆಗುವುದು ಇಲ್ಲೇ.

ಟೈರು ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ವಿಕ್ಟೋರಿಯಾ ಕಾಲಕ್ಕೆ ರಬ್ಬರ್ ಸಲ್ಲದು ಅನ್ನುವವರಿದ್ದಾರೆ, ಅದು ಸರಿಯಲ್ಲ. ಸ್ಕಾಟ್ಲೆಂಡಿನ ಆರ್. ಡಬ್ಲ್ಯೂ. ಥಾಮ್ಸನ್ 1867ರ ಹೊತ್ತಿಗೇ ಗಟ್ಟಿ ರಬ್ಬರ್ ಟೈರಿನ ಉಗಿಗಾಡಿ ಮಾಡಿದ್ದರು. ಅವು ಇಂಡಿಯಾಕ್ಕೂ ಬಂದಿದ್ದವು. 1870ರ ದಶಕದ ಮೊದಲ ವರ್ಷಗಳಲ್ಲಿ ಕ್ರಾಂಪ್ಟನ್ ಎಂಬ ಯುವ ಸೇನಾಧಿಕಾರಿ ಅವನ್ನು ಪಂಜಾಬಿನ ರಸ್ತೆಗಳಲ್ಲಿ ಓಡಿಸಿದ. ಆದರೆ ಟ್ರ್ಯಾಕ್ಟರ್ ಟೈರಿನ ಆ ದಪ್ಪ ಬಾಣದ ಗುರುತಿನ ಹಲ್ಲು ಇದೆಯಲ್ಲ, ಅದನ್ನು ನೋಡಿದ ಕೂಡಲೇ ಭ್ರಮೆ ಒಡೆಯುತ್ತದೆ. ಅಲ್ಲದೆ ಆಟಿಕೆಯ ಮೆತ್ತನೆ ಟೈರು ವರ್ಷಗಳು ಕಳೆದ ಹಾಗೆ ತಾನು ತಾಗಿದ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಕಿತ್ತು ಎಸೆದೆ. ಒಳಗಿನ ಬಟ್ಟಲಿನಂಥ ಭಾಗವನ್ನು ಇಟ್ಟುಕೊಂಡು, ಸಿಂಕಿನ ನೀರು ಹೋಗುವ ಪಿವಿಸಿ ಪೈಪನ್ನು ಬಳೆಗಳಾಗಿ ಕುಯ್ದು ಸುತ್ತ ಕೂರಿಸಿದೆ. ಪಿವಿಸಿಗೆ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಹಾಕುವ ಅಂಟು ಹಿಡಿಯುವುದಿಲ್ಲ, ಸೂಪರ್ ಗ್ಲೂ, ಅಂದರೆ ನಮ್ಮ ಫೆವಿಕ್ವಿಕ್ಕೇ ಬೇಕು. ಕುಯ್ಯುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಒಳ್ಳೆಯದಲ್ಲ.

ಬಳೆಯ ಹೊರಮೈಗೆ ಪ್ಲಾಸ್ಟಿಕ್ ಪಟ್ಟಿಗಳನ್ನು ಓರೆಯಾಗಿ ಅಂಟಿಸಬೇಕು. ಹಳೇ ಟ್ರ್ಯಾಕ್ಷನ್ ಎಂಜಿನ್‌ಗಳ, ಅಂದರೆ ರಸ್ತೆಯಲ್ಲಿ ಭಾರ ಎಳೆಯುತ್ತಿದ್ದ ಉಗಿಗಾಡಿಗಳ, ಕಬ್ಬಿಣದ ಗಾಲಿಯಲ್ಲಿ ಇದೇ ಓರೆ ಪಟ್ಟಿಗಳು ನೆಲವನ್ನು ಕಚ್ಚುತ್ತಿದ್ದದ್ದು. ಎಡಗಾಲಿಯ ಓರೆ, ಬಲಗಾಲಿಯ ಓರೆ ಒಂದಕ್ಕೊಂದು ಎದುರು ಬದುರಾಗಿ ಬರಬೇಕು, ಕನ್ನಡಿಯಲ್ಲಿ ನೋಡಿದ ಹಾಗೆ. ಬಟ್ಟಲಿನ ಮುಖಕ್ಕೆ ಕಡ್ಡಿ ಕೂರಿಸಿ, ನಡುವೆ ಒಂದು ಶರ್ಟ್ ಗುಂಡಿ ಅಂಟಿಸಿದರೆ ಗಾಲಿಯ ಗುಂಬ ತಯಾರು.

ಇನ್ನು ರಿವೆಟ್. ಇಲ್ಲಿ ಒಂದಷ್ಟು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ವಿಕ್ಟೋರಿಯಾ ಕಾಲದ ಉಕ್ಕು ಅಂತ ಕಣ್ಣಿಗೆ ನಂಬಿಸುವುದು ಇದೇ. ಆಗಿನ್ನೂ ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿ ಜೋಡಿಸುತ್ತಿರಲಿಲ್ಲ, ಕಾಸಿದ ರಿವೆಟ್ ಬಡಿದು ಜೋಡಿಸುತ್ತಿದ್ದರು. ಒಂದೊಂದೇ ಅಂಟಿನ ಹನಿ ಇಟ್ಟು ರಿವೆಟ್ ಮಾಡುವವರಿದ್ದಾರೆ, ಪ್ಲಾಸ್ಟಿಕ್ ಕಡ್ಡಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಅಂಟಿಸುವ ತಪಸ್ವಿಗಳೂ ಇದ್ದಾರೆ. ನನ್ನ ಉಪಾಯ ಟೈಲರಿನ ಟ್ರೇಸಿಂಗ್ ವೀಲ್. ಬಟ್ಟೆಯ ಮೇಲೆ ಗುರುತು ಹಾಕಲು ಉರುಳಿಸುತ್ತಾರಲ್ಲ, ಹಿಡಿಕೆ ಇರುವ ಮುಳ್ಳಿನ ಚಕ್ರ, ಅದು. ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಮೆತ್ತನೆ ಮ್ಯಾಟ್ ಮೇಲೆ ಬೋರಲು ಹಾಕಿ, ಉಕ್ಕಿನ ಸ್ಕೇಲನ್ನು ಒತ್ತಿ ಹಿಡಿದು, ಅದರ ಅಂಚಿಗೆ ಚಕ್ರವನ್ನು ಒಂದೇ ಒತ್ತಡದಲ್ಲಿ ಉರುಳಿಸಿದರೆ ಇನ್ನೊಂದು ಬದಿಯಲ್ಲಿ ಸಾಲು ಸಾಲು ಮೊಗ್ಗು ಏಳುತ್ತವೆ, ಎಲ್ಲ ಒಂದೇ ಅಂತರ. ಒತ್ತಡ ಜಾಸ್ತಿಯಾದರೆ ಹಾಳೆ ತೂತಾಗುತ್ತದೆ, ಕಡಿಮೆಯಾದರೆ ಬಣ್ಣದ ಕೆಳಗೆ ಮಾಯವಾಗುತ್ತದೆ. ಪ್ಯಾಪಲ್‌ವಿಕ್‌ನಲ್ಲಿ ನಾನು ಗಮನಿಸಿದ್ದು ಏನೆಂದರೆ, ರಿವೆಟ್ ಎಲ್ಲ ಕಡೆ ಇರುವುದಿಲ್ಲ. ಒಂದು ಹಲಗೆ ಇನ್ನೊಂದರ ಮೇಲೆ ಹತ್ತುವ ಕಡೆ, ಅಂಚಿನಲ್ಲಿ ಮಾತ್ರ. ಹಲಗೆಯ ನಡುಭಾಗ ಬೋಳು. ಆ ಬೋಳು ಜಾಗ ಬಿಟ್ಟರೇ ರಿವೆಟ್ಟಿಗೆ ಬೆಲೆ.

ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿ ಟ್ಯಾಂಕಿನ ಸುತ್ತ ಉಂಗುರದ ಹಾಗೆ ಬಿಗಿದೆ. ಟ್ಯಾಂಕಿನ ಹಿಂದಿನ ಉಬ್ಬಿದ ಮುಚ್ಚಳವನ್ನು ಗರಗಸದಲ್ಲಿ ಕುಯ್ದು, ಚಪ್ಪಟೆ ಬಿಲ್ಲೆ ಹಾಕಿ, ಅದರ ಮೇಲೆ ಆ ಎರಡು ಒಲೆ ಬಾಗಿಲು. ಬಾಗಿಲಿಗೆ ಕೋಟಿನ ಟಿಚ್ ಬಟನ್ ಸರಿಯಾಗಿ ಹೊಂದಿತು. ಈ ಹೊತ್ತಿಗೆ ಅಮ್ಮ ಹಾಸನದಿಂದ ವೀಡಿಯೋ ಕಾಲ್ ಮಾಡಿದ್ದರು. ಮೇಜಿನ ಮೇಲೆ ಕಾಲು ಮುರಿದ ಟ್ರ್ಯಾಕ್ಟರು, ಪೈಪಿನ ಚೂರು, ಗುಂಡಿ, ಎಲ್ಲ ಹರಡಿದ್ದನ್ನು ನೋಡಿ, “ಏನೇ ಇದು, ಗುಜರಿ ಅಂಗಡಿ ಇಟ್ಟಿದೀಯಾ?” ಅಂದರು. “ಬಾಯ್ಲರ್ ಅಮ್ಮಾ” ಅಂದೆ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, “ಅಕ್ಕಿ ಗಿರಣಿದಾ?” ಅಂತ ಕೇಳಿದರು. ಬಾಯ್ಲರ್ ಅಂತ ಗುರುತು ಸಿಕ್ಕಿತಲ್ಲ, ಅಷ್ಟು ಸಾಕು.

ಕೆಳಗಿನ ಹಾಸು ಎರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ, ಇಪ್ಪತ್ತೊಂದು ಸೆಂಟಿಮೀಟರ್ ಉದ್ದ. ಬೆಂಗಳೂರಿನಲ್ಲಿ ಮಾಡುವವರಿಗೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಮಾಡೆಲ್ ಮಾಡಲು ಕೊಳ್ಳುವ ಸನ್‌ಬೋರ್ಡ್ ಆದೀತು, ಅಂಚುಗಳನ್ನು ಮುಚ್ಚಬೇಕು ಅಷ್ಟೇ. ನಡುವೆ ಬಾಯ್ಲರ್, ಹಿಂದೆ ಕಲ್ಲಿದ್ದಲಿನ ತೊಟ್ಟಿ, ತೊಟ್ಟಿಗೂ ಒಲೆ ಬಾಗಿಲಿಗೂ ಮಧ್ಯೆ ಸಲಿಕೆ ಹಿಡಿದವನು ಬಗ್ಗಿ ಏಳುವಷ್ಟು ಜಾಗ. ಒಬ್ಬ ಸೈನಿಕನನ್ನು ಅಲ್ಲಿ ನಿಲ್ಲಿಸಿ, ತಿರುಗಿಸಿ, ಜಾಗ ಸಾಲುತ್ತದೆಯಾ ಅಂತ ನೋಡಿದ ಮೇಲೆಯೇ ಗೋಡೆ ಅಂಟಿಸಿದ್ದು.

ಯಂತ್ರ ಎಷ್ಟು ದೊಡ್ಡದು ಅಂತ ಕಣ್ಣಿಗೆ ಹೇಳುವುದು ಯಂತ್ರವಲ್ಲ, ಅದರ ಮೇಲಿರುವ ಬಾಗಿಲು, ಏಣಿ, ಕೈಯಲ್ಲಿ ಹಿಡಿದುಕೊಳ್ಳುವ ಕಂಬಿ. ಬಾಗಿಲು ಮೂವತ್ತಾರು ಮಿಲಿಮೀಟರ್ ಎತ್ತರ, ಏಣಿಯ ಮೆಟ್ಟಿಲುಗಳ ನಡುವೆ ಐದು, ಕಂಬಿ ಸುಮಾರು ಇಪ್ಪತ್ತು. ಈ ಮೂರು ಸರಿಯಿದ್ದರೆ ಉಳಿದದ್ದನ್ನು ಕಣ್ಣು ತಾನೇ ಒಪ್ಪಿಕೊಳ್ಳುತ್ತದೆ. ಕಂಬಿಗೆ ಮಣಿ ತಲೆಯ ಗುಂಡುಪಿನ್ನುಗಳನ್ನು ಸಾಲಾಗಿ ನೆಟ್ಟು, ಮಣಿಯ ಕೆಳಗೆ ತೆಳು ಹಿತ್ತಾಳೆ ತಂತಿ ಓಡಿಸಿದೆ. ಪಕ್ಕದ ಕವಚದ ಗೋಡೆಗಳಿಗೆ ಕಿಟಕಿ ಇಲ್ಲ, ಬಂದೂಕಿನ ಕಿಂಡಿ ಮಾತ್ರ. ಇದಕ್ಕೆ ನಿಜವಾದ ಮಾದರಿಯೇ ಇದೆ: 1900ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆಂದು ಲೀಡ್ಸ್‌ನ ಜಾನ್ ಫೌಲರ್ ಕಂಪನಿ ರಸ್ತೆ ಎಂಜಿನ್‌ಗಳಿಗೆ ಉಕ್ಕಿನ ಹಲಗೆ ಹೊದಿಸಿ ಕೊಟ್ಟಿತ್ತು. ಅದರ ಫೋಟೋ ನೋಡಿದರೆ ಕಬ್ಬಿಣದ ಪೆಟ್ಟಿಗೆಯೊಂದಕ್ಕೆ ಚಿಮಣಿ ಮೂಡಿದ ಹಾಗಿದೆ. ಇತಿಹಾಸವೇ ಇಷ್ಟು ವಿಚಿತ್ರವಾಗಿರುವಾಗ ನಾವು ಕಲ್ಪನೆಗೆ ಜಾಸ್ತಿ ಕಷ್ಟಪಡಬೇಕಿಲ್ಲ.

ಚಿಮಣಿ ದಪ್ಪ ಮಾರ್ಕರ್ ಪೆನ್ನಿನ ಕೊಳವೆ. ಅದರ ತುದಿಗೆ ಪ್ಲಂಬರ್ ಅಂಗಡಿಯ ಹಿತ್ತಾಳೆ ಉಂಗುರ, ಹದಿನೈದು ಮಿಲಿಮೀಟರ್ ತಾಮ್ರದ ಪೈಪಿನ ಜಾಯಿಂಟಿಗೆ ಹಾಕುವ ಆಲಿವ್. ಉಜ್ಜಿದರೆ ಥಳಥಳ ಹೊಳೆಯುತ್ತದೆ, ಬಣ್ಣವೇ ಬೇಡ. ಚಿಮಣಿಯ ಬುಡಕ್ಕೆ ಪುಟ್ಟ ಅಯಸ್ಕಾಂತ ಹಾಕಿದ್ದೇನೆ. ಡಬ್ಬಿಯಲ್ಲಿ ಇಡುವಾಗ ತೆಗೆಯಬಹುದು, ಆಟದಲ್ಲಿ ಗುಂಡು ಬಿದ್ದರೆ ಹಾರಿಸಲೂಬಹುದು.

ತೋಪಿನ ಗೋಪುರ ಡಿಯೋಡರೆಂಟ್ ಡಬ್ಬಿಯ ಮುಚ್ಚಳ. ತೋಪಿಗೆ ಒಂದರೊಳಗೊಂದು ಕೂರುವ ಪ್ಲಾಸ್ಟಿಕ್ ಕೊಳವೆಗಳನ್ನು ಬಳಸಿದೆ: ತೆಳ್ಳಗಿನದು ಉದ್ದ, ಅದರ ಮೇಲೆ ದಪ್ಪದ್ದು ಗಿಡ್ಡ, ಅದರ ಮೇಲೆ ಇನ್ನೂ ಗಿಡ್ಡ. ಆ ಕಾಲದ ಆರ್ಮ್‌ಸ್ಟ್ರಾಂಗ್ ತೋಪುಗಳನ್ನು ನಿಜವಾಗಿಯೂ ಹೀಗೇ ಮಾಡುತ್ತಿದ್ದರು, ಒಳಕೊಳವೆಯ ಮೇಲೆ ಕಾಸಿದ ಕಬ್ಬಿಣದ ಬಳೆಗಳನ್ನು ತೊಡಿಸಿ, ಅವು ತಣ್ಣಗಾಗಿ ಬಿಗಿಯುವ ಹಾಗೆ. ಗೋಪುರವನ್ನು ಬಾಯ್ಲರಿಗಿಂತ ಕೆಳಗೆ, ಮುಂದೆ ಇಟ್ಟೆ. ಮೇಲೆ ಇಟ್ಟರೆ ಚೆಂದ ಕಾಣುತ್ತಿತ್ತು, ನಿಜ. ಆದರೆ 1870ರಲ್ಲಿ ಎಚ್‌ಎಂಎಸ್ ಕ್ಯಾಪ್ಟನ್ ಎಂಬ ಗೋಪುರದ ಯುದ್ಧನೌಕೆ ಬಿರುಗಾಳಿಗೆ ಮಗುಚಿ, ಅದರ ವಿನ್ಯಾಸ ಮಾಡಿದ ಕೌಪರ್ ಕೋಲ್ಸ್ ಕೂಡ ಅದರಲ್ಲೇ ಮುಳುಗಿ ಹೋದದ್ದನ್ನು ಓದಿದ ಮೇಲೆ ಮೇಲ್ಭಾರದ ಯಂತ್ರ ಮಾಡಲು ಮನಸ್ಸು ಒಪ್ಪಲಿಲ್ಲ.

ಸಂದುಗಳಿಗೆ ಮಿಲಿಪುಟ್ ತುಂಬಿದೆ. ಎರಡು ಕಡ್ಡಿ ಕಲಸಿ ಮೆತ್ತುವುದು, ನಮ್ಮ ಎಂ-ಸೀಲ್ ಥರಾನೇ, ಸ್ವಲ್ಪ ನಯ. ಉಗಿ ಕೊಳವೆಗಳಿಗೆ ಬೆಸುಗೆಯ ಸೀಸದ ತಂತಿ, ಬೆರಳಲ್ಲೇ ಬಗ್ಗುತ್ತದೆ. ಫಿಟ್ಟರ್ ಹಿರಿಯರ ಪ್ರಶ್ನೆಗೆ ಉತ್ತರವಾಗಿ ಪಕ್ಕದಲ್ಲಿ ನೀರಿನ ತೊಟ್ಟಿ, ಅದರ ಮೇಲೆ ಸುರುಳಿ ಸುತ್ತಿಟ್ಟ ಹೀರುಪೈಪು. ಅದು ಹಳೇ ಗಿಟಾರಿನ ದಪ್ಪ ತಂತಿ. ಟ್ರ್ಯಾಕ್ಷನ್ ಎಂಜಿನ್‌ಗಳು ದಾರಿಯಲ್ಲಿ ಸಿಕ್ಕ ಹಳ್ಳಕ್ಕೆ ಇಂಥದೇ ಪೈಪು ಇಳಿಬಿಟ್ಟು ನೀರು ಎಳೆದುಕೊಳ್ಳುತ್ತಿದ್ದವು. ಕಲ್ಲಿದ್ದಲಿಗೆ ಬಾರ್ಬೆಕ್ಯೂ ಇದ್ದಿಲನ್ನು ಜಜ್ಜಿ ಫೆವಿಕಾಲಿನಂಥ ಬಿಳಿ ಅಂಟಿನಲ್ಲಿ ಸುರಿದೆ. ಇದ್ದಿಲಿಗೆ ಕಲ್ಲಿದ್ದಲಿನ ಮಿಂಚು ಇರುವುದಿಲ್ಲ, ಮೇಲೆ ಹೊಳಪಿನ ವಾರ್ನಿಶ್ ಕೊಡಬೇಕು.

ಬಣ್ಣದ್ದು ಜಾಸ್ತಿ ಹೇಳುವುದಿಲ್ಲ. ಕಾರಿಗೆ ಹೊಡೆಯುವ ಕೆಂಪು ಪ್ರೈಮರ್ ಸ್ಪ್ರೇ ಮೊದಲು. ಈ ದೇಶದ ಹವೆಯಲ್ಲಿ ಅದಕ್ಕೆ ಒಣ ದಿನ ಕಾಯುವುದೇ ದೊಡ್ಡ ಕೆಲಸ, ಥಂಡಿಯಲ್ಲಿ ಹೊಡೆದರೆ ಮೈಯೆಲ್ಲ ತರಿತರಿ. ಆಮೇಲೆ ವಿಕ್ಟೋರಿಯಾ ಕಾಲದ ನೌಕಾಪಡೆಯ ಬಣ್ಣಗಳು: ಕೆಳಗೆ ಕಪ್ಪು, ಮೇಲೆ ಬಿಳಿ, ಚಿಮಣಿ ತಿಳಿ ಹಳದಿ. ಬೂದು ಬಣ್ಣ ಬಂದದ್ದು ಹೊಸ ಶತಮಾನ ಶುರುವಾದ ಮೇಲೆ. ತೆಳು ಕಂದು ಬಣ್ಣವನ್ನು ಸಂದುಗಳಿಗೆ ಇಳಿಸಿ, ಒಣ ಬ್ರಷ್ಷಿನಲ್ಲಿ ರಿವೆಟ್ ತಲೆಗಳನ್ನು ಸವರಿದರೆ ಸಾಲುಗಳು ಎದ್ದು ಬರುತ್ತವೆ. ತುಕ್ಕು ಮಾತ್ರ ಹಚ್ಚಲಿಲ್ಲ. ಎಲ್ಲರೂ ತುಕ್ಕು ಸುರಿಯುತ್ತಾರೆ, ನನಗದು ಒಪ್ಪಿಗೆಯಿಲ್ಲ. ಬೆಳಗಾದರೆ ಹಿತ್ತಾಳೆ ಉಜ್ಜುವ ನಾವಿಕರು ತಮ್ಮ ಯಂತ್ರವನ್ನು ತುಕ್ಕು ಹಿಡಿಯಲು ಬಿಡುತ್ತಾರೆಯೇ? ಮಸಿ ಇರಲಿ, ಕೆಸರು ಇರಲಿ, ಗಾಲಿಯ ಪಟ್ಟಿ ಸವೆದು ಬಿಳಿ ಲೋಹ ಕಾಣಲಿ. ತುಕ್ಕು ಬೇಡ. ಮೇಲೆ ನಿಂತವರು ಹುಲ್ಲಿನ ಟೋಪಿಯ ನಾವಿಕರು, ಲೋಹದ ಬೊಂಬೆಗಳು, ಇದೇ ಊರಲ್ಲಿ ಎರಕ ಹೊಯ್ದವು.

ಮೊದಲ ಆಟಕ್ಕೆ ಒಯ್ದಾಗ ಹಿರಿಯರು ಎತ್ತಿ, ತಿರುಗಿಸಿ, ಹೀರುಪೈಪನ್ನು ಬೆರಳಿನಿಂದ ಮುಟ್ಟಿ, ಏನೂ ಕೇಳದೆ ಮೇಜಿನ ಮೇಲಿಟ್ಟರು. ಆಮೇಲೆ ತಣ್ಣಗೆ ಒಂದು ನಿಯಮ ಮುಂದಿಟ್ಟರು: ನೀರಿನ ತೊಟ್ಟಿ ಇದೆ ಅಂದಮೇಲೆ ಅದು ಖಾಲಿಯೂ ಆಗಬೇಕಲ್ವಾ? ಪ್ರತಿ ಸುತ್ತಿಗೂ ಒಂದು ಗುರುತು ಕಳೆಯುವುದು, ಮುಗಿದರೆ ಹೊಳೆಯ ಪಕ್ಕ ಒಂದು ಸುತ್ತು ನಿಂತು ತುಂಬಿಸಿಕೊಳ್ಳುವುದು. ನಾನು ಒಪ್ಪಿದೆ. ನನ್ನ ಎದುರಾಳಿ ಮೇಜಿನ ಮೇಲೆ ಪ್ರಷ್ಯನ್, ಅಂದರೆ ಹಳೇ ಜರ್ಮನ್, ಸೇನೆ ಆಡಿಸುವವನು, ಅವನಿಗಂತೂ ಖುಷಿಯೋ ಖುಷಿ. ಹೊಳೆಯ ಆಚೆ ದಂಡೆಯ ಪೊದೆಯಲ್ಲಿ ತನ್ನ ಬಂದೂಕಿನವರನ್ನು ಬಚ್ಚಿಟ್ಟು, ಪೈಪು ಹಿಡಿದು ಇಳಿದ ನನ್ನ ನಾವಿಕರನ್ನು ಒಬ್ಬೊಬ್ಬರಾಗಿ ಉರುಳಿಸಿದ. ಯಂತ್ರಕ್ಕೆ ಒಂದು ಗೀರೂ ಬೀಳಲಿಲ್ಲ, ಆದರೆ ಉಗಿ ಇಲ್ಲದೆ ನೀರಿನ ಪಕ್ಕದಲ್ಲೇ ನಿಂತುಬಿಟ್ಟಿತು.

ಈಗ ಆ ನಿಯಮ ಕ್ಲಬ್ಬಿನ ಎಲ್ಲ ಉಗಿಯಂತ್ರಗಳಿಗೂ ಅನ್ವಯ. ತೊಟ್ಟಿ ಇಲ್ಲದ ಯಂತ್ರಕ್ಕೆ ಆಟದಲ್ಲಿ ಅರ್ಧ ನೀರು ಮಾತ್ರ. ಹಿತ್ತಾಳೆ ಚಕ್ರ ಅಂಟಿಸಿಕೊಂಡು ಬಂದಿದ್ದವರು ಗೊಣಗುತ್ತಾ ಚಕ್ರ ಕಿತ್ತು ತೊಟ್ಟಿ ಕೂರಿಸುತ್ತಿದ್ದಾರೆ. ಪ್ರಷ್ಯನ್ ಸೇನೆಯವನು ಮಾತ್ರ ತನ್ನ ಯಂತ್ರದ ಹಿಂದೆ ನೀರಿನ ಗಾಡಿಯೊಂದನ್ನು ಕಟ್ಟಿಕೊಂಡು ಬರುವುದಾಗಿ ಹೇಳಿದ್ದಾನೆ, ಅದಕ್ಕೂ ಕವಚ ಹಾಕಬಹುದಾ ಅನ್ನುವ ಜಗಳ ಇನ್ನೂ ನಡೆದಿದೆ.